ಪಾರ್ಟ್ ಹಾಕಿಸಿದ ಮೇಲೆ ಇಸಿಯು ರೀಮ್ಯಾಪ್: ಯಾವುದು ಮೊದಲು, ಯಾವುದು ಆಮೇಲೆ

ಮಳೆ ಬಿಟ್ಟು ರಸ್ತೆ ಒಣಗುತ್ತಿದ್ದಂತೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಓದುಗರು ಕೇಳುವ ಪ್ರಶ್ನೆ ಒಂದೇ: ‘ಇಂಟೇಕ್ ಹಾಕಿಸಿದೆ, ಡೌನ್‌ಪೈಪ್ ಹಾಕಿಸಿದೆ, ಆದರೂ ಎಳೆತ ಮೊದಲಿಗಿಂತ ಕಡಿಮೆ. ಮೀಟರಿನಲ್ಲಿ ಹಳದಿ ದೀಪ ಬೇರೆ. ಈಗ ರೀಮ್ಯಾಪ್ ಮಾಡಿಸಿದರೆ ಸರಿ ಹೋಗುತ್ತದಾ?’ ಕ್ರಮ ತಪ್ಪದಿದ್ದರೆ ಸರಿ ಹೋಗುತ್ತದೆ. ಕ್ರಮ ತಪ್ಪಿದರೆ ಪಿಸ್ಟನ್ ಹೋಗುತ್ತದೆ.

ಇಸಿಯು ಎಂದರೆ ಎಂಜಿನ್‌ನ ಕಂಪ್ಯೂಟರ್. ಎಷ್ಟು ಗಾಳಿ ಒಳಗೆ ಬಂತೆಂದು ಸೆನ್ಸರುಗಳಿಂದ ತಿಳಿದುಕೊಂಡು, ಎಷ್ಟು ಇಂಧನ ಚಿಮ್ಮಿಸಬೇಕು, ಕಿಡಿ ಯಾವಾಗ ಹಾರಬೇಕು, ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಎಷ್ಟು ಒತ್ತಡ ಕಟ್ಟಬೇಕು ಎಂಬುದನ್ನು ತನ್ನೊಳಗಿನ ಕೋಷ್ಟಕಗಳನ್ನು ನೋಡಿ ತೀರ್ಮಾನಿಸುತ್ತದೆ. ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಲೋಡ್, ಅಂದರೆ ಎಂಜಿನ್ ಎಷ್ಟು ಗಾಳಿ ತುಂಬಿಕೊಂಡಿದೆ ಎಂಬ ಲೆಕ್ಕ. ಇವೆರಡೂ ಸೇರುವ ಚೌಕದಲ್ಲಿ ಒಂದು ಸಂಖ್ಯೆ. ಈ ಕೋಷ್ಟಕಕ್ಕೇ ಮ್ಯಾಪ್ ಎನ್ನುವುದು. ಸಂಖ್ಯೆಗಳನ್ನು ತಿದ್ದಿ ಮತ್ತೆ ಬರೆಯುವುದು ರೀಮ್ಯಾಪ್. ಟ್ಯೂನ್ ಎನ್ನುವುದೂ ಇದನ್ನೇ, ಆ ಕೋಷ್ಟಕಗಳೆಲ್ಲ ಇರುವ ಕಡತವೇ ಫೈಲ್. ಕಂಪನಿ ಈ ಸಂಖ್ಯೆಗಳನ್ನು ಹಾಕಿದ್ದು ಕಂಪನಿಯ ಪಾರ್ಟುಗಳಿಗೆ. ಪಾರ್ಟ್ ಬದಲಾದರೆ ಲೆಕ್ಕ ತಪ್ಪುತ್ತದೆ, ಆದರೆ ಎಲ್ಲ ಪಾರ್ಟಿಗೂ ಅಲ್ಲ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಕಂಪನಿಯ ಏರ್ ಫಿಲ್ಟರ್ ಡಬ್ಬಿಯೊಳಗೇ ಕೂರುವ ಬೇರೆ ಬ್ರಾಂಡಿನ ಫಿಲ್ಟರಿಗೆ ರೀಮ್ಯಾಪ್ ಬೇಡ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಸ್ಟಿನ ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸಿದ್ದರೂ ಬೇಡ. ಸದ್ದು ಜಾಸ್ತಿಯಾದರೆ ಶಕ್ತಿಯೂ ಜಾಸ್ತಿಯಾಯಿತೆಂದು ಕಿವಿ ಹೇಳುತ್ತದೆ; ಕಿವಿ ಡೈನೋ (ರೋಲರಿನ ಮೇಲೆ ಕಾರು ಓಡಿಸಿ ಶಕ್ತಿ ಅಳೆಯುವ ಯಂತ್ರ) ಅಲ್ಲ. ಟರ್ಬೊದಿಂದ ಹೊರಬರುವ ಮೊದಲ ಪೈಪಾದ ಡೌನ್‌ಪೈಪ್, ಇಂಧನ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ದೊಡ್ಡ ಟರ್ಬೊ, ವಾಲ್ವುಗಳನ್ನು ತೆರೆಯುವ ಬೇರೆ ಕ್ಯಾಮ್‌ಶಾಫ್ಟ್, ಬೇರೆ ಒತ್ತಡದ ಫ್ಯೂಯೆಲ್ ರೆಗ್ಯುಲೇಟರ್ ಇವುಗಳಿಗೆ ಬೇಕೇ ಬೇಕು. ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಒಂದನ್ನೇ ಬದಲಿಸಿದರೆ ಕಾರು ಸುಮ್ಮನೆ ಓಡುತ್ತದೆ, ಲಾಭ ಪೂರ್ತಿ ಸಿಗಬೇಕಾದರೆ ಮ್ಯಾಪ್ ಬೇಕು.

ಎಲ್ಲರೂ ಎಡವುವುದು ಇಂಟೇಕಿನಲ್ಲಿ. ಗಾಳಿಯ ಹರಿವನ್ನು ಅಳೆಯುವ ಮಾಫ್ ಸೆನ್ಸರ್ ಇರುವ ಕಾರುಗಳಲ್ಲಿ ಆ ಸೆನ್ಸರ್ ಕೂರುವ ಪೈಪಿನ ವ್ಯಾಸ ಬದಲಾದರೆ ಅಳತೆಯೇ ಸುಳ್ಳಾಗುತ್ತದೆ. ಉದಾಹರಣೆಗೆ 70 ಮಿ.ಮೀ. ಪೈಪ್ ಇದ್ದಲ್ಲಿ 76 ಮಿ.ಮೀ. ಹಾಕಿದಿರಿ ಎನ್ನಿ. ಅಡ್ಡಗಲದ ವಿಸ್ತೀರ್ಣ ಶೇ. 18 ಹೆಚ್ಚಿತು, ಅಷ್ಟೇ ಗಾಳಿ ಈಗ ನಿಧಾನವಾಗಿ ಹರಿಯುತ್ತದೆ, ಬಂದಿರುವ ಗಾಳಿಯಲ್ಲಿ ಸುಮಾರು ಶೇ. 15ರಷ್ಟು ಸೆನ್ಸರಿನ ಲೆಕ್ಕಕ್ಕೇ ಬರುವುದಿಲ್ಲ. ಕಂಪ್ಯೂಟರ್ ಅಷ್ಟು ಇಂಧನ ಕಡಿಮೆ ಚಿಮ್ಮಿಸುತ್ತದೆ. ನಿಧಾನವಾಗಿ ಓಡಿಸುವಾಗ ಲ್ಯಾಂಬ್ಡಾ ಸೆನ್ಸರ್, ಅಂದರೆ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಸೆನ್ಸರ್, ಇದನ್ನು ಗುರುತಿಸಿ ಸರಿಪಡಿಸುತ್ತದೆ. ಆದ್ದರಿಂದ ಪೇಟೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ತಿದ್ದುಪಡಿ ನಿಂತುಹೋಗುತ್ತದೆ. ಇಂಧನ ಅತಿ ಹೆಚ್ಚು ಬೇಕಾದ ಹೊತ್ತಿಗೇ ಕೊರತೆ. ಮಿಶ್ರಣದಲ್ಲಿ ಇಂಧನ ಕಡಿಮೆ ಎನ್ನುವ ಪಿ0171 ಎಂಬ ಕೋಡ್ ಬಂದಿದ್ದರೆ ಅದು ಇದರದೇ ಮುನ್ಸೂಚನೆ ಇರಬಹುದು. ಎಣ್ಣೆ ಹಚ್ಚುವ ಜಾತಿಯ ಫಿಲ್ಟರಿನಲ್ಲಿ ಎಣ್ಣೆ ಹೆಚ್ಚಾಗಿ ಮಾಫ್ ಸೆನ್ಸರಿನ ತಂತಿಗೆ ಅಂಟಿದರೂ ಇದೇ ಕೋಡ್ ಬರುತ್ತದೆ. ಮೊದಲು ಮಾಫ್ ಕ್ಲೀನರ್ ಸ್ಪ್ರೇ ಹೊಡೆದು ನೋಡಿ, ರೀಮ್ಯಾಪಿನ ಯೋಚನೆ ಆಮೇಲೆ.

ಬೆಂಗಳೂರಿನ ಫೈಲ್ ನಮ್ಮ ಕರಾವಳಿಗೆ ಏಕೆ ನೇರ ಕೂರುವುದಿಲ್ಲ

‘ಸ್ನೇಹಿತನ ಕಾರೂ ಇದೇ ಮಾಡೆಲ್, ಬೆಂಗಳೂರಿನಲ್ಲಿ ಮಾಡಿಸಿದ ಫೈಲ್ ಇದೆ, ಅದನ್ನೇ ಹಾಕಿಸಬಹುದಾ?’ ಇದು ಎರಡನೆಯ ಖಾಯಂ ಪ್ರಶ್ನೆ. ಬೇಡ. ಕಾರಣ ಸರಳ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ವಾತಾವರಣದ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಕಾಸರಗೋಡಿನಲ್ಲಿ 101. ಟರ್ಬೊ ಇಲ್ಲದ ಎಂಜಿನ್ ಬೆಂಗಳೂರಿನಲ್ಲಿ ಎಷ್ಟೇ ಒತ್ತಿದರೂ ಮ್ಯಾನಿಫೋಲ್ಡಿನಲ್ಲಿ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪಿನಲ್ಲಿ, ಒತ್ತಡ 91ರ ಮೇಲೆ ಹೋಗುವುದಿಲ್ಲ. ಅಂದರೆ ಮ್ಯಾಪಿನ ತುದಿಯ ಸಾಲುಗಳನ್ನು ಅಲ್ಲಿ ಯಾರೂ ಓಡಿಸಿ ನೋಡಿರುವುದೇ ಇಲ್ಲ, ಅಂದಾಜಿನಲ್ಲಿ ಸಂಖ್ಯೆ ತುಂಬಿರುತ್ತಾರೆ. ನೀವು ಕುಂಬಳೆಯಲ್ಲಿ ಪೆಡಲ್ ಒತ್ತಿದ ಕೂಡಲೇ ಎಂಜಿನ್ ನೇರ ಆ ಸಾಲಿಗೇ ಹೋಗಿ ಕೂರುತ್ತದೆ.

ಟರ್ಬೊ ಕಾರಿಗೆ ತೊಂದರೆ ಇನ್ನೊಂದು ಕಡೆಯಿಂದ. ಇಲ್ಲಿ ಸಮುದ್ರದ ಪಕ್ಕ ಟ್ಯೂನ್ ಮಾಡಿಸಿ, ಜಾಲ್ಸೂರು, ಸುಳ್ಯ, ಸಂಪಾಜೆ ಘಟ್ಟ ಹತ್ತಿ ಮಡಿಕೇರಿಗೆ ಹೋದರೆ ಅಲ್ಲಿ ಒತ್ತಡ ಸುಮಾರು 88 ಕಿಲೋಪಾಸ್ಕಲ್. ಮ್ಯಾನಿಫೋಲ್ಡಿನಲ್ಲಿ 220 ಕಿಲೋಪಾಸ್ಕಲ್ ಕಟ್ಟಲು ಇಲ್ಲಿ ಟರ್ಬೊ ಗಾಳಿಯನ್ನು 2.2 ಪಟ್ಟು ಒತ್ತಿದರೆ ಸಾಕು, ಅಲ್ಲಿ 2.5 ಪಟ್ಟು ಒತ್ತಬೇಕು. ಟರ್ಬೊದ ವೇಗ ಮಿತಿ ಮೀರುತ್ತದೆ, ಗಾಳಿ ಬಿಸಿಯಾಗುತ್ತದೆ. ಕಂಪನಿಯ ಮ್ಯಾಪಿನಲ್ಲಿ ಎತ್ತರಕ್ಕೆ ತಕ್ಕಂತೆ ಬೂಸ್ಟ್, ಅಂದರೆ ಟರ್ಬೊ ಕಟ್ಟುವ ಒತ್ತಡ, ಇಳಿಸುವ ಕೋಷ್ಟಕ ಇರುತ್ತದೆ. ಅಗ್ಗದ ಫೈಲುಗಳಲ್ಲಿ ಅದನ್ನು ಸಪಾಟು ಮಾಡಿರುತ್ತಾರೆ. ನಿಮ್ಮ ಟ್ಯೂನರಿಗೆ ಮೊದಲೇ ಹೇಳಿ: ಎತ್ತರದ ತಿದ್ದುಪಡಿಗೆ ಕೈ ಹಾಕಬೇಡಿ.

ಇನ್ನು ಇಲ್ಲಿಯ ತೇವ. 32 ಡಿಗ್ರಿ ಸೆಕೆಯಲ್ಲಿ ಆರ್ದ್ರತೆ ಶೇ. 80 ಇದ್ದರೆ ಒಳಗೆ ಹೋಗುವ ಗಾಳಿಯಲ್ಲಿ ಶೇ. 3.8ರಷ್ಟು ಬರೀ ನೀರಾವಿ. ಅಷ್ಟು ಆಮ್ಲಜನಕ ಕಡಿಮೆ, ಅಷ್ಟು ಶಕ್ತಿ ಕಡಿಮೆ. ಆದರೆ ನೀರಾವಿ ನಾಕಿಂಗನ್ನು, ಅಂದರೆ ಮಿಶ್ರಣ ತಾನಾಗಿ ಸಿಡಿಯುವುದನ್ನು, ಸ್ವಲ್ಪ ತಡೆಯುತ್ತದೆ ಕೂಡ. ಹಾಗಾಗಿ ಆಟಿ ತಿಂಗಳ ಮಳೆಯಲ್ಲಿ ಕಿಡಿ ಹಾರುವ ಹೊತ್ತನ್ನು ಅಂಚಿನವರೆಗೆ ಮುಂದಕ್ಕೆ ಎಳೆದು ಮಾಡಿದ ಟ್ಯೂನ್ ಮಾರ್ಚಿನ ಮಧ್ಯಾಹ್ನದಲ್ಲಿ ನಾಕ್ ಹೊಡೆಯಬಹುದು. ಟ್ಯೂನ್ ಮಾಡಿಸಲು ಒಳ್ಳೆಯ ಕಾಲ ಒಣ ಸೆಕೆಯ ಕಾಲವೇ. ಬೇರೆ ದಾರಿ ಇಲ್ಲದೆ ಮಳೆಗಾಲದಲ್ಲಿ ಮಾಡಿಸುವುದಾದರೆ ಕಿಡಿಯನ್ನು ಒಂದೆರಡು ಡಿಗ್ರಿ ಹಿಂದೆಯೇ, ಅಂದರೆ ತಡವಾಗಿಯೇ, ಇರಿಸಿ.

ಇಂಧನದ ವಿಷಯ ಇನ್ನೂ ಮುಖ್ಯ. ಬಂಕುಗಳಲ್ಲಿ ಈಗ ಸಿಗುವುದು ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಕ್ಕೆ 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇ20ಯನ್ನು ಲೀಟರ್ ಲೆಕ್ಕದಲ್ಲಿ ಶೇ. 7ರಿಂದ 8 ಹೆಚ್ಚು ಚಿಮ್ಮಿಸಬೇಕು. ಎಥೆನಾಲ್ ಇಲ್ಲದ 100 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲಿಗೆ ಟ್ಯೂನ್ ಮಾಡಿಸಿ, ಆಮೇಲೆ ಲೀಟರಿಗೆ ಕೆಲವು ರೂಪಾಯಿ ಉಳಿಯಲೆಂದು ತಲಪಾಡಿ ದಾಟಿ ಮಾಮೂಲಿ ಪೆಟ್ರೋಲ್ ತುಂಬಿಸಿದರೆ ಇಂಧನವೂ ಸಾಲದು, ಆಕ್ಟೇನೂ ಸಾಲದು. ದಿನನಿತ್ಯ ಯಾವ ಬಂಕಿನಲ್ಲಿ ಏನು ತುಂಬಿಸುತ್ತೀರೋ ಅದಕ್ಕೇ ಟ್ಯೂನ್ ಮಾಡಿಸಿ. 100 ಆಕ್ಟೇನ್ ಆಯ್ದ ಬಂಕುಗಳಲ್ಲಿ ಮಾತ್ರ ಸಿಗುತ್ತದೆ. ಸುಬ್ರಹ್ಮಣ್ಯಕ್ಕೆ ಹೋಗುವಾಗ ದಾರಿಯಲ್ಲಿ ಸಿಗುತ್ತದೆಂದು ನಂಬಬೇಡಿ.

ಹಂತ 1: ಕಾನೂನು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ. 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಶಬ್ದ ಮತ್ತು ಹೊಗೆಗೆ ಸೆಕ್ಷನ್ 190(2)ರಲ್ಲಿ ದಂಡ 10,000 ರೂಪಾಯಿವರೆಗೆ. ಕೇರಳದ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ಬಿಗಿ ಎಂಬುದು ಕಾಸರಗೋಡಿನ ಕೆಎಲ್ 14 ನಂಬರಿನ ಕಾರು ಓಡಿಸುವವರಿಗೆ ಹೇಳಬೇಕಾದದ್ದಿಲ್ಲ. ಕ್ಯಾಟಲಿಸ್ಟ್ ಕಿತ್ತ ಡೌನ್‌ಪೈಪ್, ಡೀಸೆಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಅಥವಾ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನಿಗೆ ಕಳಿಸುವ ಇಜಿಆರ್ ತೆಗೆಯುವುದು, ಕ್ಯಾಟಲಿಸ್ಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡನ್ನು ಸಾಫ್ಟ್‌ವೇರಿನಲ್ಲಿ ಮುಚ್ಚಿಹಾಕುವುದು ಇವೆಲ್ಲ ರೇಸ್ ಟ್ರ್ಯಾಕಿನ ಕಾರಿಗೆ ಬಿಟ್ಟ ಕೆಲಸ. ರಸ್ತೆಯ ಕಾರಿನಲ್ಲಿ ಕ್ಯಾಟಲಿಸ್ಟ್ ಇರುವ ಡೌನ್‌ಪೈಪನ್ನೇ ಆರಿಸಿ, ಯಾವ ಬದಲಾವಣೆಗೆ ಅನುಮತಿ ಬೇಕೆಂದು ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಿ.

ವಾರಂಟಿಯ ಆಸೆ ಬಿಡಿ. ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕ ಬಹಳಷ್ಟು ಇಸಿಯುಗಳಲ್ಲಿ ಉಳಿಯುತ್ತದೆ. ಮೂಲ ಫೈಲ್ ವಾಪಸ್ ಹಾಕಿದರೂ ಆ ಲೆಕ್ಕ ಅಳಿಯುವುದಿಲ್ಲ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿಸಿದರೆ ಕ್ಲೇಮ್ ಸಮಯದಲ್ಲಿ ಅದೇ ನೆಪವಾಗಬಹುದು.

ಹಂತ 2: ಎಂಜಿನ್ ಆರೋಗ್ಯ

ಟ್ಯೂನ್ ಎಂಬುದು ಔಷಧಿಯಲ್ಲ. ಇದ್ದ ಕಾಯಿಲೆಯನ್ನು ಅದು ಬೇಗ ಹೊರಹಾಕುತ್ತದೆ. ಲ್ಯಾಪ್‌ಟಾಪ್ ಜೋಡಿಸುವ ಮೊದಲು ಇಷ್ಟನ್ನು ನೋಡಿಸಿ.

ಕಂಪ್ರೆಶನ್ ಟೆಸ್ಟ್: ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆಂದು ನೋಡುವುದು. ಎಂಜಿನ್ ಬಿಸಿ ಇರುವಾಗ ಎಲ್ಲ ಪ್ಲಗ್ ತೆಗೆದು, ಥ್ರಾಟಲ್, ಅಂದರೆ ಗಾಳಿ ಒಳಬಿಡುವ ಬಾಗಿಲು, ಪೂರ್ತಿ ತೆರೆದು ಅಳೆಯಬೇಕು. ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದರಲ್ಲಿ 12 ಬಾರ್, ಇನ್ನೊಂದರಲ್ಲಿ 10.5 ಬಂದರೆ ಅಲ್ಲಿಗೇ ನಿಲ್ಲಿಸಿ, ಕಾರಣ ಹುಡುಕಿ.

ಸ್ಮೋಕ್ ಟೆಸ್ಟ್: ಇಂಟೇಕಿಗೆ ಹೊಗೆ ತುಂಬಿ ಎಲ್ಲಿಂದ ಸೋರುತ್ತದೆಂದು ನೋಡುವುದು. ಹೊಸ ಇಂಟರ್‌ಕೂಲರಿನ ರಬ್ಬರ್ ಪೈಪ್, ಕ್ಲಿಪ್ಪುಗಳ ಜಾಗವೇ ಸೋರುವುದು ಜಾಸ್ತಿ. ಸೋರಿಕೆ ಇಟ್ಟುಕೊಂಡು ಟ್ಯೂನ್ ಮಾಡಿದರೆ, ನಾಳೆ ಕ್ಲಿಪ್ ಬಿಗಿ ಮಾಡಿದ ದಿನ ಆ ಟ್ಯೂನ್ ತಪ್ಪಾಗುತ್ತದೆ.

ಪ್ಲಗ್: ಬೂಸ್ಟ್ ಏರಿಸುವುದಾದರೆ ಕಂಪನಿಗಿಂತ ಒಂದು ಹಂತ ತಣ್ಣಗಿನ ಹೀಟ್ ರೇಂಜಿನ, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವ, ಪ್ಲಗ್, ಗ್ಯಾಪ್ 0.7 ಮಿ.ಮೀ. ಆಸುಪಾಸು. ಗ್ಯಾಪ್ ಅಗಲವಾಗಿದ್ದರೆ ಹೆಚ್ಚಿದ ಒತ್ತಡದಲ್ಲಿ ಕಿಡಿ ನಂದಿಹೋಗುತ್ತದೆ. ಕಾರು ಮುಕ್ಕರಿಸಿದಂತೆ ಆಗುತ್ತದೆ. ಇದನ್ನು ಫೈಲಿನ ತಪ್ಪೆಂದು ತಿಳಿದು ಮತ್ತೆ ಮತ್ತೆ ಫೈಲ್ ಬದಲಿಸುವವರು ಕಡಿಮೆಯಿಲ್ಲ.

ಎಣ್ಣೆ: ಸಿಲಿಂಡರಿನೊಳಗೇ ಇಂಧನ ಚಿಮ್ಮಿಸುವ ನೇರ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಎಂಜಿನಿಗೆ 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಎಣ್ಣೆ, ಗ್ರೇಡ್ ಮಾತ್ರ ಕಂಪನಿ ಹೇಳಿದ್ದೇ. ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಬೂಸ್ಟ್ ಬಂದಾಗ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ತೊಂದರೆ ಇಂಥ ಎಂಜಿನುಗಳಿಗಿದೆ. ಒಂದೇ ಸಲಕ್ಕೆ ಪಿಸ್ಟನ್ ಒಡೆಯಬಲ್ಲದು. ಎಸ್‌ಪಿ ಎಣ್ಣೆ ಅದನ್ನು ಕಡಿಮೆ ಮಾಡಲೆಂದೇ ಪರೀಕ್ಷೆಗೊಳಗಾದದ್ದು.

ಕ್ಲಚ್, ಗೇರ್‌ಬಾಕ್ಸ್: ಎಂಜಿನ್ ಕೊಡುವ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಗೇರ್‌ಬಾಕ್ಸ್ ತಾಳಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿರುವ ಏಳು ಗೇರಿನ ಒಣ ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ, ಅಂದರೆ ಡಿಕ್ಯೂ200, ತಯಾರಾದದ್ದು 250 ನ್ಯೂಟನ್ ಮೀಟರ್‌ವರೆಗೆ. ಫೈಲ್ 280 ಕೊಡುತ್ತದೆಂದು ಯಾರಾದರೂ ಹೆಮ್ಮೆಪಟ್ಟರೆ ನೀವು ಹೆದರಬೇಕು.

ಹಳೆಯ ಕೋಡುಗಳನ್ನು ಓದಿಸಿ, ಬರೆದಿಟ್ಟುಕೊಂಡು, ಸರಿಪಡಿಸಿಯೇ ಅಳಿಸಿ.

ಹಂತ 3: ಟ್ಯೂನ್‌ಗೂ ಮೊದಲು ಒಂದು ಲಾಗ್

ಲಾಗ್ ಎಂದರೆ ಓಡುವಾಗ ಸೆನ್ಸರುಗಳು ಹೇಳುವ ಸಂಖ್ಯೆಗಳ ದಾಖಲೆ. ಡಾಂಗಲ್ ಚುಚ್ಚುವ ಓಬಿಡಿ ಪೋರ್ಟ್ ಸ್ಟಿಯರಿಂಗಿನ ಕೆಳಗೆ ಇರುತ್ತದೆ. ಅಗ್ಗದ ಬ್ಲೂಟೂತ್ ಡಾಂಗಲ್ ಕೋಡ್ ಓದಲು ಸಾಕು, ಲಾಗ್‌ಗೆ ನಿಧಾನ. ಸೆಕೆಂಡಿಗೆ ಒಂದೆರಡು ಸಲ ಮಾತ್ರ ಓದಿದರೆ ನಾಕ್ ಆದ ಕ್ಷಣವೇ ತಪ್ಪಿಹೋಗುತ್ತದೆ. ಟ್ಯೂನರ್ ಬಳಿಯ ಇಂಟರ್‌ಫೇಸನ್ನೇ ಬಳಸಿ.

ಬೇಕಾದ ಸಾಲುಗಳು: ಆರ್‌ಪಿಎಂ, ಥ್ರಾಟಲ್, ಕೇಳಿದ ಬೂಸ್ಟ್, ಬಂದ ಬೂಸ್ಟ್, ಕಿಡಿಯ ಕೋನ, ಪ್ರತಿ ಸಿಲಿಂಡರಿನ ಕಿಡಿ ಹಿಂಜರಿತ (ನಾಕ್ ಕೇಳಿ ಕಂಪ್ಯೂಟರ್ ಕಿಡಿಯನ್ನು ತಡಮಾಡಿದ ಡಿಗ್ರಿ), ಒಳಗಾಳಿಯ ಉಷ್ಣತೆ, ಲ್ಯಾಂಬ್ಡಾ, ಅಲ್ಪಾವಧಿ ಮತ್ತು ದೀರ್ಘಾವಧಿ ಫ್ಯೂಯೆಲ್ ಟ್ರಿಮ್, ಇಂಧನದ ಒತ್ತಡ. ಫ್ಯೂಯೆಲ್ ಟ್ರಿಮ್ ಎಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕೆ ತಾನೇ ಹಾಕಿಕೊಳ್ಳುವ ತಿದ್ದುಪಡಿ. ದೀರ್ಘಾವಧಿ ಟ್ರಿಮ್ ಶೇ. 5ರ ಒಳಗಿದ್ದರೆ ಒಳ್ಳೆಯದು. ಕೂಡಿಸುವ ಕಡೆಗೆ ಶೇ. 10 ದಾಟಿದ್ದರೆ ಗಾಳಿ ಸೋರಿಕೆ, ಮಾಫ್, ಇಂಧನ ಪಂಪ್ ಈ ಮೂರರಲ್ಲಿ ಒಂದನ್ನು ಅನುಮಾನಿಸಿ.

ಕಾರಿನಲ್ಲಿ ಬರುವ ಲ್ಯಾಂಬ್ಡಾ ಸೆನ್ಸರ್ ಹಳೆಯ ಜಾತಿಯದಾದರೆ ಅದಕ್ಕೆ ಗೊತ್ತಿರುವುದು ‘ಹೆಚ್ಚು’ ಅಥವಾ ‘ಕಡಿಮೆ’ ಎಂದಷ್ಟೇ, ಎಷ್ಟು ಎಂದಲ್ಲ. ಆಗ ವೈಡ್‌ಬ್ಯಾಂಡ್ ಸೆನ್ಸರನ್ನು ಕ್ಯಾಟಲಿಸ್ಟಿಗೂ ಮೊದಲು ಕೂರಿಸಬೇಕು. ಸೈಲೆನ್ಸರಿನ ಬಾಯಿಗೆ ಸಿಕ್ಕಿಸಿ ಅಳೆಯುವುದನ್ನು ನಂಬಬೇಡಿ. ಕ್ಯಾಟಲಿಸ್ಟ್ ದಾಟಿದ ಹೊಗೆ ನಿಜ ಹೇಳುವುದಿಲ್ಲ. ಅಳತೆಯನ್ನು 14.7, 12 ಎಂಬ ಅನುಪಾತದಲ್ಲಿ ಓದದೆ ಲ್ಯಾಂಬ್ಡಾದಲ್ಲೇ ಓದಿ. ಎಥೆನಾಲ್ ಎಷ್ಟೇ ಇರಲಿ, ಲ್ಯಾಂಬ್ಡಾ 1 ಎಂದರೆ ಸರಿಯಾದ ಮಿಶ್ರಣ, 1ಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು.

ಪೂರ್ತಿ ಪೆಡಲ್ ಒತ್ತಿ ತೆಗೆಯುವ ಲಾಗನ್ನು ಡೈನೋ ಮೇಲೆಯೇ ತೆಗೆಯಿರಿ. ಮೂರನೇ ಗೇರಿನಲ್ಲಿ 6000 ಆರ್‌ಪಿಎಂ ಎಂದರೆ ಗಂಟೆಗೆ ನೂರು ಕಿಲೋಮೀಟರ್ ದಾಟಿರುತ್ತದೆ. ಆರು ಪಥದ ಹೆದ್ದಾರಿ 66 ಅಗಲವಾಗಿ ಕಾಣುತ್ತದೆ ನಿಜ, ಆದರೆ ಸರ್ವಿಸ್ ರಸ್ತೆಯಿಂದ ಯಾವಾಗ ಆಟೊ ನುಗ್ಗುತ್ತದೆಂದು ಹೇಳಲಾಗದು. ರಸ್ತೆಯಲ್ಲಿ ತೆಗೆಯಬೇಕಾದದ್ದು ನಿಧಾನ ಚಾಲನೆಯ ಲಾಗ್ ಮಾತ್ರ, ಅದೂ ಲ್ಯಾಪ್‌ಟಾಪ್ ನೋಡಲು ಪಕ್ಕದಲ್ಲಿ ಒಬ್ಬರಿದ್ದಾಗ.

ಹಂತ 4: ಮೂಲ ಫೈಲ್ ಓದಿ ಇಟ್ಟುಕೊಳ್ಳುವುದು

ಇಸಿಯು ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡನ್ನೂ ಬರೆದಿಟ್ಟುಕೊಳ್ಳಿ. ಮೂಲ ಫೈಲಿನ ಪ್ರತಿ ಟ್ಯೂನರಿನ ಲ್ಯಾಪ್‌ಟಾಪಿನಲ್ಲಿದ್ದರೆ ಸಾಲದು, ನಿಮ್ಮ ಪೆನ್‌ಡ್ರೈವಿನಲ್ಲೂ ಇರಬೇಕು. ಒಂದು ಸೂಕ್ಷ್ಮ: ಹೊಸ ಇಸಿಯುಗಳಲ್ಲಿ ಓಬಿಡಿ ಮೂಲಕ ನಿಜವಾಗಿ ಓದಲು ಆಗದಿದ್ದಾಗ ಕೆಲವು ಉಪಕರಣಗಳು ಸಾಫ್ಟ್‌ವೇರ್ ನಂಬರ್ ನೋಡಿ ತಮ್ಮ ಸರ್ವರಿನಿಂದ ಅದೇ ನಂಬರಿನ ಫೈಲ್ ತಂದುಕೊಡುತ್ತವೆ. ಅದು ನಿಮ್ಮ ಕಾರಿನದಲ್ಲ. ಹಿಂದಿನ ಮಾಲೀಕ ಆಗಲೇ ಟ್ಯೂನ್ ಮಾಡಿಸಿದ್ದರೆ ಅದು ಗೊತ್ತಾಗುವುದೇ ಇಲ್ಲ. ‘ನಿಜವಾದ ರೀಡ್ ಆಗಿದೆಯಾ, ಸರ್ವರ್ ಫೈಲಾ?’ ಎಂದು ಕೇಳಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಇಸಿಯು ಬಿಚ್ಚಿ ಮೇಜಿನ ಮೇಲೆ ಓದಿಸುವುದು, ಅಂದರೆ ಬೆಂಚ್ ರೀಡ್, ತೊಂದರೆ ಎನಿಸಿದರೂ ಮಾಡಿಸಬೇಕಾದದ್ದು.

ಹಂತ 5: ಬದಲಾವಣೆಯ ಕ್ರಮ

ನೀವು ಟ್ಯೂನರ್ ಅಲ್ಲದಿದ್ದರೂ ಈ ಕ್ರಮ ತಿಳಿದಿರಲಿ, ಯಾಕೆಂದರೆ ಕೆಲಸ ಬಲ್ಲವರನ್ನು ಗುರುತಿಸುವುದು ಇದರಿಂದಲೇ. ಬಂದ ಕೂಡಲೇ ಬೂಸ್ಟ್ ಏರಿಸುವವರು ಒಂದು ಬಗೆ, ಮೊದಲು ಅಳತೆ ಸರಿಪಡಿಸುವವರು ಇನ್ನೊಂದು ಬಗೆ.

ಮೊದಲು ಸೆನ್ಸರುಗಳ ಅಳತೆ. ಮಾಫ್ ಪೈಪ್ ಬದಲಾಗಿದ್ದರೆ ಅದರ ಕೋಷ್ಟಕ. ಒತ್ತಡದ ಸೆನ್ಸರಿನ ಮಿತಿಯನ್ನೂ ನೋಡಬೇಕು: 2.5 ಬಾರ್ ಸೆನ್ಸರ್ ಎಂದರೆ ವಾತಾವರಣದ 1 ಬಾರ್ ಕಳೆದು 1.5 ಬಾರ್ ಬೂಸ್ಟ್‌ವರೆಗೆ ಮಾತ್ರ ಕಾಣುತ್ತದೆ. ಅದರ ಮೇಲೆ ಹೋದರೆ ಕಂಪ್ಯೂಟರ್ ಕುರುಡು.

ಎರಡನೆಯದು ಇಂಜೆಕ್ಟರ್. ಹರಿವಿನ ಸಂಖ್ಯೆ ಒಂದನ್ನೇ ಹಾಕಿದರೆ ಸಾಲದು. ಕರೆಂಟ್ ಕೊಟ್ಟ ಮೇಲೆ ಇಂಜೆಕ್ಟರ್ ಬಾಯಿ ತೆರೆಯಲು ತಗಲುವ ಸಮಯ, ಅಂದರೆ ಡೆಡ್ ಟೈಮ್, ಬ್ಯಾಟರಿ ವೋಲ್ಟೇಜಿಗೆ ತಕ್ಕಂತೆ ಬದಲಾಗುತ್ತದೆ, ಆ ಕೋಷ್ಟಕವೂ ಬೇಕು. ಅದು ತಪ್ಪಿದರೆ ಮೇಲಿನ ಆರ್‌ಪಿಎಂನಲ್ಲಿ ಎಲ್ಲ ಸರಿ, ಐಡ್ಲಿಂಗಿನಲ್ಲಿ ಎಸಿ ಹಾಕಿದ ಕೂಡಲೇ ಕಾರು ನಿಲ್ಲುತ್ತದೆ. ಇಂಜೆಕ್ಟರ್ ಎಷ್ಟು ದೊಡ್ಡದು ಬೇಕು? ಪೋರ್ಟ್ ಇಂಜೆಕ್ಷನ್ (ಸಿಲಿಂಡರಿನ ಹೊರಗೆ, ಗಾಳಿಯ ದಾರಿಯಲ್ಲೇ ಇಂಧನ ಚಿಮ್ಮಿಸುವ) ಟರ್ಬೊ ಎಂಜಿನ್ 110 ಕಿಲೋವ್ಯಾಟ್ ಕೊಡಬೇಕಾದರೆ ಗಂಟೆಗೆ ಸುಮಾರು 40 ಕಿಲೋ ಪೆಟ್ರೋಲ್ ಬೇಕು. ನಾಲ್ಕು ಇಂಜೆಕ್ಟರಿಗೆ ಹಂಚಿ, ಶೇ. 85ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂಬ ಮಿತಿ ಹಾಕಿದರೆ ಒಂದೊಂದಕ್ಕೆ ನಿಮಿಷಕ್ಕೆ 260 ಸಿಸಿ. ಇ20ಕ್ಕೆ ಇನ್ನೂ ಶೇ. 8 ಸೇರಿಸಿ, 280. ಇದಕ್ಕಿಂತ ತುಂಬಾ ದೊಡ್ಡದನ್ನು ‘ಮುಂದೆ ಬೇಕಾದೀತು’ ಎಂದು ಹಾಕಿಸಬೇಡಿ, ಐಡ್ಲಿಂಗ್ ಕೆಡುತ್ತದೆ.

ಮೂರನೆಯದು ನಿಧಾನ ಚಾಲನೆಯ ಮಿಶ್ರಣ: ಟ್ರಿಮ್ ಶೇ. 5ರ ಒಳಗೆ ಬರುವವರೆಗೆ ಮುಂದೆ ಹೋಗಬಾರದು. ನಾಲ್ಕನೆಯದು ಪೂರ್ತಿ ಪೆಡಲಿನ ಮಿಶ್ರಣ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನಿಗೆ ಲ್ಯಾಂಬ್ಡಾ 0.86ರಿಂದ 0.88, ಟರ್ಬೊ ಇದ್ದರೆ 0.80ರಿಂದ 0.85. ಹೆಚ್ಚಿನ ಇಂಧನ ಇಲ್ಲಿ ತಂಪು ಮಾಡುವ ಕೆಲಸಕ್ಕೆ.

ಇಷ್ಟಾದ ಮೇಲೆ ಬೂಸ್ಟ್, ಒಂದು ಸಲಕ್ಕೆ 0.1 ಬಾರ್. ಪ್ರತಿ ಸಲವೂ ಲಾಗ್ ನೋಡಿ ಮುಂದಿನದು. 2000 ಆರ್‌ಪಿಎಂ ಕೆಳಗೆ ಬೂಸ್ಟ್ ಏರಿಸಬೇಡಿ ಎಂದು ಖಂಡಿತವಾಗಿ ಹೇಳಿ. ಮೇಲೆ ಹೇಳಿದ ಪಿಸ್ಟನ್ ಒಡೆಯುವ ತೊಂದರೆ ಇರುವುದು ಅಲ್ಲಿಯೇ. ಹೊಸ ಇಸಿಯುಗಳು ಎಲ್ಲವನ್ನೂ ಟಾರ್ಕ್ ಲೆಕ್ಕದಲ್ಲಿ ನೋಡುತ್ತವೆ. ಬೂಸ್ಟ್ ಏರಿಸಿ ಟಾರ್ಕ್ ಮಿತಿಯ ಕೋಷ್ಟಕಗಳನ್ನು ಹಾಗೇ ಬಿಟ್ಟರೆ ನಿಮ್ಮ ಕಾಲು ಪೆಡಲ್ ಮೇಲಿದ್ದರೂ ಕಂಪ್ಯೂಟರ್ ಥ್ರಾಟಲನ್ನು ತಾನೇ ಮುಚ್ಚುತ್ತದೆ. ಲಾಗಿನಲ್ಲಿ ಪೆಡಲ್ 100, ಥ್ರಾಟಲ್ 60 ಎಂದು ಕಂಡರೆ ಇದೇ ಕಾರಣ.

ಕೊನೆಗೆ ಕಿಡಿಯ ಕೋನ, ಒಂದೊಂದೇ ಡಿಗ್ರಿ. ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುವುದು ನಾಕಿಂಗ್. ಅದು ಕೇಳಿದಾಗ ಕಂಪ್ಯೂಟರ್ ಕಿಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಲಾಗಿನಲ್ಲಿ ಒಂದು ಡಿಗ್ರಿ ಹಿಂಜರಿತ ಆಗೊಮ್ಮೆ ಈಗೊಮ್ಮೆ ಕಂಡರೆ ಪರವಾಗಿಲ್ಲ. ಒಂದೇ ಸಿಲಿಂಡರಿನಲ್ಲಿ ಪ್ರತಿ ಸಲವೂ 3 ಡಿಗ್ರಿ ದಾಟಿದರೆ ಆ ಜಾಗದಲ್ಲಿ ಎರಡು ಡಿಗ್ರಿ ಕಳೆಯಬೇಕು. ‘ನಾಕ್ ಸೆನ್ಸರ್ ಇದೆಯಲ್ಲ, ನೋಡಿಕೊಳ್ಳುತ್ತದೆ’ ಎನ್ನುವವರ ಕೈಗೆ ಕಾರು ಕೊಡಬೇಡಿ. ಆ ಸೆನ್ಸರ್ ಇರುವುದು ಅಪರೂಪಕ್ಕೊಮ್ಮೆ ಬರುವ ಕೆಟ್ಟ ಪೆಟ್ರೋಲಿಗೆ; ದಿನವೂ ಅದರ ಮೇಲೆ ಒರಗಿ ಓಡಿಸಲು ಅಲ್ಲ. ಒಳಗಾಳಿ 55 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕಿಡಿ ಹಿಂದೆ ಸರಿಯುವ ಕೋಷ್ಟಕವನ್ನು ಹಾಗೇ ಉಳಿಸಿ. ಕಾಸರಗೋಡು ಪೇಟೆಯ ಟ್ರಾಫಿಕ್ಕಿನಲ್ಲಿ ಏಪ್ರಿಲ್ ಮಧ್ಯಾಹ್ನ ಅದು ನಿಮ್ಮನ್ನು ಕಾಯುತ್ತದೆ.

ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುವ ಸದ್ದು ಬೇಕೆಂದು ಕೇಳುವವರಿಗೆ: ಅದು ಕಿಡಿಯನ್ನು ತಡಮಾಡಿ ಇಂಧನವನ್ನು ಸೈಲೆನ್ಸರಿನೊಳಗೆ ಉರಿಸುವುದು. ಕ್ಯಾಟಲಿಸ್ಟ್ ಕರಗುತ್ತದೆ, ಊರಿನವರ ನಿದ್ದೆಯೂ ಹೋಗುತ್ತದೆ.

ಡೀಸೆಲ್ ಕಾರಿನಲ್ಲಿ ಕಿಡಿಯೂ ಇಲ್ಲ, ನಾಕ್ ಲೆಕ್ಕವೂ ಇಲ್ಲ. ಅಲ್ಲಿ ಕಾಯಬೇಕಾದದ್ದು ಹೊಗೆಯ ಮಿತಿ ಮತ್ತು ಟರ್ಬೊಗೂ ಮೊದಲಿನ ಹೊಗೆಯ ಉಷ್ಣತೆ. ಕಪ್ಪು ಹೊಗೆ ಕಂಡರೆ ಅದು ಶಕ್ತಿಯ ಲಕ್ಷಣವಲ್ಲ, ಉರಿಯದೆ ಹೋದ ಡೀಸೆಲ್. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪಾದ ರೈಲಿನ ಒತ್ತಡದ ಸೆನ್ಸರಿಗೆ ಸುಳ್ಳು ಹೇಳಿ ಹೆಚ್ಚು ಡೀಸೆಲ್ ಚಿಮ್ಮಿಸುವ ಅಗ್ಗದ ಡಬ್ಬಿಗಳನ್ನು ದೂರವಿಡಿ. ನಿಜವಾದ ಒತ್ತಡ ಎಷ್ಟೆಂದು ಆಮೇಲೆ ಕಂಪ್ಯೂಟರಿಗೂ ಗೊತ್ತಿರುವುದಿಲ್ಲ, ನಿಮಗೂ.

ಹಂತ 6: ಬರೆಯುವ ಹೊತ್ತು

ಫೈಲ್ ಬರೆಯುವುದನ್ನು ಫ್ಲ್ಯಾಶ್ ಎನ್ನುತ್ತಾರೆ. ಕೆಲವೇ ನಿಮಿಷಗಳಿಂದ ಅರ್ಧ ಗಂಟೆವರೆಗೆ ಹಿಡಿಯುತ್ತದೆ. ಆಗ ಬ್ಯಾಟರಿ ವೋಲ್ಟೇಜ್ ಕುಸಿಯಬಾರದು. ಇಗ್ನಿಷನ್ ಆನ್ ಇದ್ದರೂ ಎಂಜಿನ್ ಓಡುತ್ತಿರುವುದಿಲ್ಲ, ಆಲ್ಟರ್ನೇಟರ್ ಸಹಾಯವಿಲ್ಲ, ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಲೂಬಹುದು. 13ರಿಂದ 13.8 ವೋಲ್ಟ್ ಸ್ಥಿರವಾಗಿ ಹಿಡಿದಿಡುವ, 30 ಆಂಪಿಯರಿಗೆ ಕಡಿಮೆಯಿಲ್ಲದ ಬ್ಯಾಟರಿ ಸಪೋರ್ಟ್ ಯೂನಿಟ್ ಬೇಕು. ರಾತ್ರಿ ಚಾರ್ಜಿಗೆ ಇಡುವ ಸಾಮಾನ್ಯ ಚಾರ್ಜರ್ ಸಾಲದು. ಮಳೆಗಾಲದಲ್ಲಿ ಕೆಎಸ್‌ಇಬಿ ಕರೆಂಟ್ ಯಾವ ಹೊತ್ತಿನಲ್ಲಿ ಹೋಗುತ್ತದೆಂದು ಹೇಳಲಾಗದು, ಆದ್ದರಿಂದ ಆ ಯೂನಿಟ್ಟಿಗೆ ಇನ್ವರ್ಟರ್ ಬೆಂಬಲ ಇರಲಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಅದರ ಸ್ಲೀಪ್ ಮತ್ತು ಅಪ್‌ಡೇಟ್ ಬಂದ್ ಮಾಡಿರಲಿ. ಹೆಡ್‌ಲೈಟ್, ಬ್ಲೋವರ್, ಸ್ಟೀರಿಯೊ ಆಫ್. ಬಾಗಿಲು ತೆರೆದು ಮುಚ್ಚುವುದು ಬೇಡ.

ನಡುವೆ ನಿಂತುಹೋದರೆ ಗಾಬರಿಯಲ್ಲಿ ಕೀ ತಿರುಗಿಸಬೇಡಿ, ಕೇಬಲ್ ಕೀಳಬೇಡಿ. ವೋಲ್ಟೇಜ್ ನೋಡಿ, ಅದೇ ಉಪಕರಣದಲ್ಲಿ ರಿಕವರಿ ಕೊಟ್ಟು ಮತ್ತೆ ಬರೆಯಿಸಿ. ಅದಕ್ಕೂ ಜಗ್ಗದಿದ್ದರೆ ಇಸಿಯು ಬಿಚ್ಚಿ ಬೆಂಚಿನ ಮೇಲೆ ಬರೆಯಬೇಕಾಗುತ್ತದೆ. ಬೆಂಚ್ ಕೆಲಸ ಬಾರದ ಟ್ಯೂನರ್ ಹತ್ತಿರ ಫ್ಲ್ಯಾಶ್ ಮಾಡಿಸಬಾರದು ಎನ್ನುವುದು ಇದಕ್ಕೇ.

ಹಂತ 7: ಬರೆದ ಮೇಲೆ

ಕೋಡ್ ಅಳಿಸಿ, ಥ್ರಾಟಲ್ ಬಾಡಿ ಅಡಾಪ್ಟೇಶನ್, ಅಂದರೆ ಅದರ ನೆಲೆಯನ್ನು ಕಂಪ್ಯೂಟರಿಗೆ ಮತ್ತೆ ಕಲಿಸುವ ಕೆಲಸ, ಮಾಡಿಸಿ. ಡಿಎಸ್‌ಜಿ ಇದ್ದರೆ ಕ್ಲಚ್ ಅಡಾಪ್ಟೇಶನ್ ಕೂಡ. ಮೊದಲ 50ರಿಂದ 100 ಕಿಲೋಮೀಟರ್ ಮೆತ್ತಗೆ, ಬೇರೆ ಬೇರೆ ವೇಗದಲ್ಲಿ ಓಡಿಸಿ, ಟ್ರಿಮ್ ನೆಲೆಗೊಳ್ಳಲಿ. ಬೆಳಗಿನ ತಣ್ಣನೆಯ ಸ್ಟಾರ್ಟ್, ಎಸಿ ಹಾಕಿ ಐಡ್ಲಿಂಗ್, ಬಿಸಿಲಲ್ಲಿ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಮತ್ತೆ ಸ್ಟಾರ್ಟ್, ಈ ಮೂರೂ ಪರೀಕ್ಷೆ ಆಗದೆ ಟ್ಯೂನರಿಗೆ ಪೂರ್ತಿ ಹಣ ಕೊಡಬೇಡಿ. ಹೊಗೆ ತಪಾಸಣೆಯನ್ನೂ ಆ ವಾರವೇ ಮಾಡಿಸಿ: ಬಿಎಸ್ 4 ಮತ್ತು ಅದರ ನಂತರದ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು.

ಡೈನೋ ಕೊಟ್ಟ ಸಂಖ್ಯೆಯನ್ನು ಇನ್ನೊಬ್ಬರ ಡೈನೋ ಸಂಖ್ಯೆಯ ಜೊತೆ ತೂಗಬೇಡಿ. ಒಂದೇ ಡೈನೋ, ಒಂದೇ ದಿನ, ಮೊದಲು ಎಷ್ಟು, ಆಮೇಲೆ ಎಷ್ಟು ಎಂಬುದಕ್ಕೆ ಮಾತ್ರ ಬೆಲೆ. ಸೆಕೆಗೆ ತಿದ್ದುಪಡಿ ಹಾಕುವ ಸೂತ್ರ ಟರ್ಬೊ ಕಾರಿನ ಸಂಖ್ಯೆಯನ್ನು ಉಬ್ಬಿಸಿ ತೋರಿಸುವುದುಂಟು. ತಿದ್ದದ ಸಂಖ್ಯೆಯನ್ನೂ ಕೇಳಿ ಪಡೆಯಿರಿ.

ಎರಡು ವಾರದ ನಂತರ ಇನ್ನೊಂದು ಲಾಗ್ ತೆಗೆದು ಮೊದಲಿನದರ ಜೊತೆ ಇಟ್ಟು ನೋಡಿ, ಒಂದು ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿಯ ಮೇಲೆ ಬೆಳ್ಳಿಯ ಚುಕ್ಕಿ ಕಂಡರೆ ಅದು ಪಿಸ್ಟನಿನ ಅಲ್ಯುಮಿನಿಯಂ. ಆ ಕ್ಷಣವೇ ಮೂಲ ಫೈಲಿಗೆ ಮರಳಿ. ಪಿ0299 ಕೋಡ್ ಬಂದರೆ ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ ಎಂದರ್ಥ, ಮೊದಲು ಪೈಪಿನ ಕ್ಲಿಪ್ ನೋಡಿ. ಎಂಜಿನ್ ಎಣ್ಣೆಯನ್ನು 10,000ದ ಬದಲು 7,000 ಕಿಲೋಮೀಟರಿಗೇ ಬದಲಿಸಿ. ಕಂಪನಿಯ ಸರ್ವಿಸಿಗೆ ಬಿಡುವಾಗ ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಮಾಡಿದರೆ ಮ್ಯಾಪ್ ಅಳಿಸಿ ಹೋಗುತ್ತದೆ, ಆದರೆ ದೊಡ್ಡ ಇಂಜೆಕ್ಟರ್ ಅಲ್ಲೇ ಇರುತ್ತದೆ.

ಬಂಪರಿನ ಕೆಳಗೆ ಬಾಯಿ ಇರುವ ಇಂಟೇಕ್ ಹಾಕಿಸಿದ್ದರೆ ಜೂನ್‌ಗೂ ಮೊದಲು ಕಂಪನಿಯ ಡಬ್ಬಿಯನ್ನೇ ವಾಪಸ್ ಹಾಕಿ. ಮಳೆಗಾಲದಲ್ಲಿ ನೀರು ನಿಲ್ಲುವ ಅಂಡರ್‌ಪಾಸಿನಲ್ಲಿ ಒಂದು ಲೋಟ ನೀರು ಸಿಲಿಂಡರಿಗೆ ಹೋದರೂ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹಾಗೆ ಬದಲಿಸುವುದಾದರೆ ಕಂಪನಿ ಇಂಟೇಕಿಗೆ ಹೊಂದುವ ಎರಡನೇ ಫೈಲನ್ನೂ ಟ್ಯೂನ್ ಮಾಡಿಸುವ ದಿನವೇ ಕೇಳಿ ತೆಗೆದುಕೊಳ್ಳಿ. ಎರಡೂ ಫೈಲುಗಳ ಹೆಸರಿನಲ್ಲಿ ತಾರೀಕು, ಯಾವ ಇಂಟೇಕ್, ಯಾವ ಪೆಟ್ರೋಲ್ ಎಂದು ಬರೆದಿರಲಿ.